ಮಂಗಳೂರಿನ ಸೆಕೆಯಲ್ಲಿ ಕುಕೀಸ್: ಏಳು ಟ್ರೇಗಳ ಲೆಕ್ಕ

ಟ್ರೇ 1. ಮೇ 3, ಅಡುಗೆಮನೆ 33 ಡಿಗ್ರಿ

ರೆಸಿಪಿಯ ಮೊದಲ ಸಾಲಿನಲ್ಲಿ ಇದ್ದದ್ದು ಇಷ್ಟೇ: ಬೆಣ್ಣೆ ರೂಮ್ ಟೆಂಪರೇಚರ್‌ನಲ್ಲಿ ಇರಲಿ. ನಾನು ಬೆಳಿಗ್ಗೆ ಹತ್ತಕ್ಕೇ ಬೆಣ್ಣೆಯನ್ನು ಫ್ರಿಜ್‌ನಿಂದ ತೆಗೆದು ಅಡುಗೆ ಕಟ್ಟೆಯ ಮೇಲೆ ಇಟ್ಟೆ. ಮಧ್ಯಾಹ್ನ ನೋಡುವಾಗ ಅದು ಪೊಟ್ಟಣದೊಳಗೇ ಕುಸಿದು ಹೋಗಿತ್ತು. ಅಂಚಿನಲ್ಲಿ ಹಳದಿ ಎಣ್ಣೆ ಒಸರುತ್ತಿತ್ತು. ಮೆತ್ತಗಾಗಿದೆಯಲ್ಲ, ಕಲಸಲು ಸುಲಭ ಆಯಿತು ಅಂತ ಖುಷಿಪಟ್ಟೆ.

ಆ ದಿನದ ಅಳತೆ ಹೀಗಿತ್ತು. ಬೆಣ್ಣೆ 100 ಗ್ರಾಂ, ಸಕ್ಕರೆ ಅರ್ಧ ಕಪ್ಪಿಗಿಂತ ಸ್ವಲ್ಪ ಜಾಸ್ತಿ, ಮೈದಾ ಒಂದು ಕಪ್ಪು, ಅಡುಗೆ ಸೋಡಾ ಕಾಲು ಚಮಚ, ಹಾಲು ಎರಡು ಚಮಚ. ಮೊಟ್ಟೆ ಇಲ್ಲ. ನಮ್ಮ ಅತ್ತೆ ಮೊಟ್ಟೆ ತಿನ್ನುವುದಿಲ್ಲ. ಅವರು ತಿನ್ನಲಾಗದ್ದನ್ನು ಮನೆಯಲ್ಲಿ ಮಾಡಿ ಡಬ್ಬಿ ತುಂಬಿಸಿಡುವುದು ನನಗೆ ಸರಿ ಕಾಣುವುದಿಲ್ಲ. ಹಾಗಾಗಿ ಇಲ್ಲಿ ಹೇಳುವ ಏಳೂ ಟ್ರೇಗಳು ಮೊಟ್ಟೆ ಇಲ್ಲದವು.

ಹನ್ನೆರಡು ಉಂಡೆ ಮಾಡಿ, ಅಂಗೈಯಲ್ಲಿ ಸ್ವಲ್ಪ ಒತ್ತಿ, ಟ್ರೇಯಲ್ಲಿಟ್ಟು, ಓಟಿಜಿಯ (ಕಟ್ಟೆಯ ಮೇಲಿಡುವ ಸಣ್ಣ ಕರೆಂಟ್ ಓವನ್) ಗುಬುಟನ್ನು 180ಕ್ಕೆ ತಿರುಗಿಸಿದೆ. ನಾಲ್ಕನೇ ನಿಮಿಷಕ್ಕೆ ಗಾಜಿನಿಂದ ಬಗ್ಗಿ ನೋಡಿದೆ. ಉಂಡೆಗಳ ಬುಡ ಒದ್ದೆಯಾಗಿ ಹೊಳೆಯುತ್ತಿತ್ತು. ಆರನೇ ನಿಮಿಷಕ್ಕೆ ಒಂದರ ಅಂಚು ಇನ್ನೊಂದಕ್ಕೆ ಮುಟ್ಟಿತು. ಒಂಬತ್ತಕ್ಕೆ ಹನ್ನೆರಡು ಕುಕೀಸ್ ಸೇರಿ ಒಂದೇ ಹಾಳೆ ಆಗಿತ್ತು. ನೀರುದೋಸೆಯ ಹಾಗೆ ತೆಳ್ಳಗೆ, ಮೇಲೆಲ್ಲ ಸಣ್ಣ ಸಣ್ಣ ತೂತು. ಹಿಂದಿನ ಮೂಲೆ ಕಪ್ಪು, ಮುಂದಿನ ಮೂಲೆ ಹಸಿ. ರುಚಿ ಮಾತ್ರ ಚೆನ್ನಾಗಿಯೇ ಇತ್ತು. ಮಗಳು ಅದನ್ನು ಮುರಿದು ಮುರಿದು ತಿಂದು ಮುಗಿಸಿದಳು.

ರಾತ್ರಿ ಕೂತು ಯೋಚಿಸಿದೆ. ರೂಮ್ ಟೆಂಪರೇಚರ್ ಅಂದರೆ ಯಾವ ರೂಮು? ಆ ಮಾತು ಹುಟ್ಟಿದ್ದು ಚಳಿ ದೇಶದ ಅಡುಗೆಮನೆಯಲ್ಲಿ. ಅಲ್ಲಿಯ ರೂಮು 20 ಡಿಗ್ರಿ ಆಚೆಈಚೆ. ನಮ್ಮ ಉರ್ವದ ಅಡುಗೆಮನೆ ಮೇ ತಿಂಗಳಲ್ಲಿ 33. ಬೆಣ್ಣೆ ಪೂರ್ತಿ ಕರಗುವುದೇ ಸುಮಾರು 32ರಿಂದ 35 ಡಿಗ್ರಿಯಲ್ಲಿ. ಅಂದರೆ ರೆಸಿಪಿ ಕೇಳಿದ್ದು ಮೆತ್ತನೆಯ ಬೆಣ್ಣೆ. ನಾನು ಹಾಕಿದ್ದು ಹೆಚ್ಚುಕಡಿಮೆ ಕರಗಿದ ಬೆಣ್ಣೆ. ಅಳತೆ, ಓವನ್, ಕೈಗುಣ ಎಲ್ಲ ಆಮೇಲಿನ ಮಾತು. ಮೊದಲು ನೆಟ್ಟಗಾಗಬೇಕಾದ್ದು ಈ ಒಂದು ಸಾಲು.

ಮರುದಿನ ಮೂರು ಸಾಮಾನು ತಂದೆ. ಒಂದು ಗ್ರಾಂ ವರೆಗೆ ತೋರಿಸುವ ಡಿಜಿಟಲ್ ತಕ್ಕಡಿ, ಓವನ್ ಒಳಗೆ ಇಡುವ ಥರ್ಮಾಮೀಟರ್, ಚುಚ್ಚಿ ನೋಡುವ ಕಡ್ಡಿ ಥರ್ಮಾಮೀಟರ್. ಇವುಗಳಲ್ಲಿ ಒಂದನ್ನೇ ತರುವುದಾದರೆ ತಕ್ಕಡಿ ತನ್ನಿ. ಮೈದಾವನ್ನು ಚಮಚದಲ್ಲಿ ಸಡಿಲವಾಗಿ ಕಪ್ಪಿಗೆ ಹಾಕಿ ತೂಗಿದೆ, 122 ಗ್ರಾಂ. ಅದೇ ಕಪ್ಪನ್ನು ಡಬ್ಬಿಗೆ ಅದ್ದಿ, ಒತ್ತಿ ತೆಗೆದು ತೂಗಿದೆ, 149 ಗ್ರಾಂ. ಕಪ್ಪು ಅದೇ, ಮೈದಾ ಅದೇ, ವ್ಯತ್ಯಾಸ 27 ಗ್ರಾಂ. ಇಷ್ಟು ಆಚೆಈಚೆ ಆದರೆ ಕುಕೀಸ್ ಪ್ರತಿ ಸಲ ಬೇರೆ ಬೇರೆ ಬರದೆ ಇನ್ನೇನು?

ಟ್ರೇ 2. ಮೇ 6

ಈ ಸಲ ಸಾಮಾನು ಅದೇ. ಬದಲಿಸಿದ್ದು ಬೆಣ್ಣೆಯ ಬಿಸಿಯನ್ನು ಮಾತ್ರ. ಫ್ರಿಜ್‌ನಿಂದ ತೆಗೆದಾಗ ಬೆಣ್ಣೆ 6 ಡಿಗ್ರಿ. ಚೂರಿಯಿಂದ ಸಣ್ಣ ತುಂಡು ಮಾಡಿ ತಟ್ಟೆಯಲ್ಲಿ ಹರಡಿ, ಎರಡೆರಡು ನಿಮಿಷಕ್ಕೆ ಕಡ್ಡಿ ಚುಚ್ಚಿ ನೋಡಿದೆ. ಹನ್ನೆರಡು ನಿಮಿಷಕ್ಕೆ 18 ಡಿಗ್ರಿ ಮುಟ್ಟಿತು. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ, ಆದರೆ ಬೆರಳಿಗೆ ಜಿಡ್ಡು ಮೆತ್ತುವುದಿಲ್ಲ. ಇದೇ ಗುರುತು. ಥರ್ಮಾಮೀಟರ್ ಇಲ್ಲದಿದ್ದರೂ ಬೆರಳು ಸಾಕು. ನಮ್ಮ ಊರಿನಲ್ಲಿ ಇಡೀ ದಿನ ಹೊರಗಿಡುವ ಪ್ರಶ್ನೆಯೇ ಇಲ್ಲ. ಹತ್ತು ಹದಿನೈದು ನಿಮಿಷ, ಅಷ್ಟೇ.

ಯಾಕೆ 18 ಡಿಗ್ರಿ ಅಂತ ಸ್ವಲ್ಪ ಹೇಳಬೇಕು. ಬೆಣ್ಣೆ ಬರೀ ಕೊಬ್ಬಲ್ಲ. ನೂರರಲ್ಲಿ 80 ಪಾಲು ಕೊಬ್ಬು, ಸುಮಾರು 16 ಪಾಲು ನೀರು, ಉಳಿದದ್ದು ಹಾಲಿನ ಅಂಶ ಮತ್ತು ಉಪ್ಪು. ಬೆಣ್ಣೆ, ಸಕ್ಕರೆ ಸೇರಿಸಿ ತಿಕ್ಕುವಾಗ ಸಕ್ಕರೆಯ ಹರಳುಗಳು ಬೆಣ್ಣೆಯಲ್ಲಿ ಗೀರುತ್ತಾ ಹೋಗುತ್ತವೆ. ಪ್ರತಿ ಗೀರಿನಲ್ಲಿ ಒಂದು ಚೂರು ಗಾಳಿ ಸಿಕ್ಕಿಕೊಳ್ಳುತ್ತದೆ. ಬೆಣ್ಣೆ ಗಟ್ಟಿಯೂ ಅಲ್ಲದ, ಕರಗಿಯೂ ಇಲ್ಲದ ಹದದಲ್ಲಿದ್ದರೆ ಮಾತ್ರ ಆ ಗಾಳಿ ಅಲ್ಲೇ ನಿಲ್ಲುತ್ತದೆ. ಸೋಡಾ, ಬೇಕಿಂಗ್ ಪೌಡರ್ ಹೊಸ ತೂತು ಮಾಡುವುದಿಲ್ಲ. ಇರುವ ತೂತುಗಳನ್ನು ಉಬ್ಬಿಸುತ್ತವೆ. ಕರಗಿದ ಬೆಣ್ಣೆಯಲ್ಲಿ ಗಾಳಿ ನಿಲ್ಲುವುದೇ ಇಲ್ಲವಾದ್ದರಿಂದ ಉಬ್ಬಲು ಎಂತದೂ ಇರುವುದಿಲ್ಲ.

ಸ್ಟೀಲ್ ಪಾತ್ರೆಯನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟಿದ್ದೆ. ಮರದ ಸೌಟಿನಲ್ಲಿ ನಾಲ್ಕು ನಿಮಿಷ ತಿಕ್ಕಿದೆ. ಗಾಢ ಹಳದಿ ಇದ್ದ ಬೆಣ್ಣೆ ನೋಡನೋಡುತ್ತಾ ತಿಳಿ ಹಳದಿ ಆಯಿತು. ಆ ಬಣ್ಣ ಬದಲಾಗುವುದೇ ಗಾಳಿ ಸೇರಿದ ಗುರುತು. ಅಷ್ಟಕ್ಕೆ ನಿಲ್ಲಿಸಬೇಕು. ಬೀಟರ್ ಹಿಡಿದು ಹತ್ತು ನಿಮಿಷ ತಿರುಗಿಸಿದರೆ ಆ ತಿಕ್ಕಾಟಕ್ಕೇ ಬೆಣ್ಣೆ ಬಿಸಿಯಾಗುತ್ತದೆ. ಮೈದಾ ಹಾಕಿದ ಮೇಲೆ ಚಪಾತಿ ಹಿಟ್ಟಿನ ಹಾಗೆ ನಾದಬಾರದು. ನಾದಿದರೆ ಮೈದಾದಲ್ಲಿ ಅಂಟು ಕೂಡಿ ಕುಕೀಸ್ ಗಡುಸಾಗುತ್ತದೆ. ಒಣ ಹಿಟ್ಟು ಕಾಣದಷ್ಟು ಒಟ್ಟುಗೂಡಿಸಿದರೆ ಆಯಿತು.

ಫಲಿತಾಂಶ: ಹರಡಿದ್ದು ಕಡಿಮೆ. ಆದರೂ ಹರಡಿತ್ತು. ಉಂಡೆ ಕಟ್ಟುವ ಹೊತ್ತಿಗೆ ಹಿಟ್ಟಿಗೆ ಕಡ್ಡಿ ಚುಚ್ಚಿ ನೋಡಿದೆ, 27 ಡಿಗ್ರಿ! ಅಂಗೈಯ ಬಿಸಿ, ಕಟ್ಟೆಯ ಬಿಸಿ, ಫ್ಯಾನ್ ಹಾಕಿಲ್ಲದ ಅಡುಗೆಮನೆಯ ಬಿಸಿ. ಹತ್ತು ನಿಮಿಷದಲ್ಲಿ ನನ್ನ ಹನ್ನೆರಡು ನಿಮಿಷದ ಕೆಲಸ ನೀರಾಗಿತ್ತು.

ಪಕ್ಕದ ಮನೆಯ ಆಂಟಿ ಪ್ರತಿ ವರ್ಷ ಕ್ರಿಸ್ಮಸ್‌ಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು, ಮಾಡುವವರು. ನೆವ್ರಿ, ಕಿಡಿಯೊ, ಗುಳಿಯೊ ಎಲ್ಲ ತಟ್ಟೆಯಲ್ಲಿಟ್ಟು ನಮಗೂ ಕಳಿಸುತ್ತಾರೆ. ಹಿಟ್ಟಿನ ವಿಷಯದಲ್ಲಿ ಅವರ ಕೈ ಪಳಗಿದ್ದು. ನನ್ನ ಟ್ರೇ ನೋಡಿ ಅವರು ಹೇಳಿದ್ದು ಒಂದೇ ಮಾತು: "ಉಂಡೆ ಮಾಡಿದ ಮೇಲೆ ಪುನಃ ಫ್ರಿಜ್‌ನಲ್ಲಿಡಿ ಮಾರಾಯ್ರೆ. ಹಿಟ್ಟು ಇಟ್ಟರೆ ಸಾಲದು, ಉಂಡೆಯೇ ತಣ್ಣಗಿರಬೇಕು." ಅಂದಿನಿಂದ ಉಂಡೆ ಕಟ್ಟಿ, ಒತ್ತಿ, ಟ್ರೇ ಸಮೇತ 45 ನಿಮಿಷ ಫ್ರಿಜ್‌ನಲ್ಲಿಡುತ್ತೇನೆ. ಓವನ್ ಪೂರ್ತಿ ಕಾದ ಮೇಲೆಯೇ ಹೊರಗೆ ತೆಗೆಯುವುದು.

ಓವನ್ ಒಳಗೆ ನಡೆಯುವುದು ಒಂದು ಓಟ. ಒಂದು ಕಡೆ ಬೆಣ್ಣೆ ಕರಗಿ ಹರಿಯಲು ನೋಡುತ್ತದೆ. ಇನ್ನೊಂದು ಕಡೆ ಅಂಚು ಒಣಗಿ ಗಟ್ಟಿಯಾಗಲು ನೋಡುತ್ತದೆ. ತಣ್ಣಗಿನ ಉಂಡೆ ಮೊದಲಿನದನ್ನು ತಡ ಮಾಡುತ್ತದೆ. ಸರಿಯಾಗಿ ಕಾದ ಓವನ್ ಎರಡನೆಯದನ್ನು ಬೇಗ ಮಾಡುತ್ತದೆ. ಇದು ಅರ್ಥವಾದ ಮೇಲೆ ನಾನು ಓವನ್ ಕಡೆ ತಿರುಗಿದೆ.

ಟ್ರೇ 3, ಮತ್ತು ಹಂಚಿನ ಕೆಲಸ. ಮೇ 10ರಿಂದ 14

ನಮ್ಮದು 28 ಲೀಟರ್ ಓಟಿಜಿ, 1500 ವ್ಯಾಟ್. ಮೊದಲೇ ಒಂದು ಮಾತು: ಇದನ್ನು ಸಣ್ಣ 6 ಆಂಪಿಯರ್ ಸಾಕೆಟ್‌ಗೆ ಹಾಕಬೇಡಿ. 16 ಆಂಪಿಯರ್‌ನ ದಪ್ಪ ಸಾಕೆಟ್ ಬೇಕು. ಎಕ್ಸ್‌ಟೆನ್ಶನ್ ವಯರ್ ಕೂಡ ಬೇಡ.

ಮೂರನೇ ಟ್ರೇ ಹರಡಲಿಲ್ಲ. ಆದರೆ ತಳ ಕರಟಿ ಹೋಯಿತು. ಮೇಲೆ ಬಿಳಿ, ತಳ ಕಪ್ಪು. ಹಿಂದಿನ ಸಾಲು ಇನ್ನೂ ಕಪ್ಪು. ಆ ದಿನ ಸಂಜೆ ಬೇರೆ ಏನೂ ಬೇಯಿಸದೆ ಓವನ್ ಒಳಗೆ ಥರ್ಮಾಮೀಟರ್ ಮಾತ್ರ ಇಟ್ಟು, ಗುಬುಟು 180ಕ್ಕೆ ಹಾಕಿ, ಪುಸ್ತಕ ಪೆನ್ನು ಹಿಡಿದು ಕೂತೆ. ಎರಡು ನಿಮಿಷಕ್ಕೊಮ್ಮೆ ಬರೆದುಕೊಂಡೆ. ಸರಳು ಕೆಂಪಾದಾಗ ಮುಳ್ಳು 208ರ ವರೆಗೆ ಹೋಗುತ್ತದೆ. ಸರಳು ಆರಿದಾಗ 160ಕ್ಕೆ ಇಳಿಯುತ್ತದೆ. ಬಾಗಿಲು ಒಮ್ಮೆ ತೆರೆದರೆ 140ರ ಹತ್ತಿರ. ಗುಬುಟಿನ ಮೇಲೆ 180 ಅಂತ ಬರೆದದ್ದು ಬರೀ ಒಂದು ಅಂದಾಜು. ಓಟಿಜಿಗಳಲ್ಲಿ 20, 25 ಡಿಗ್ರಿ ಆಚೆಈಚೆ ಮಾಮೂಲು. ಒಳಗಿನ ತಗಡು ತೆಳ್ಳಗೆ. ಬಿಸಿಯನ್ನು ಹಿಡಿದಿಟ್ಟುಕೊಳ್ಳಲು ಅಲ್ಲಿ ಭಾರದ ವಸ್ತು ಏನೂ ಇಲ್ಲ.

ಭಾರದ ವಸ್ತು ಅಂದಾಗ ನೆನಪಾದದ್ದು ಹಂಚು. ಬಂಟ್ವಾಳದ ಕಡೆ ನಮ್ಮ ಮಾವನ ಹಳೆ ಮನೆ ಬಿಚ್ಚುವಾಗ ನೆಲಕ್ಕೆ ಹಾಸಿದ್ದ ಚೌಕ ಹಂಚುಗಳನ್ನು ನಾಲ್ಕೈದು ತಂದು ಅಂಗಳದಲ್ಲಿ ಇಟ್ಟಿದ್ದೆವು. ಮಾಡಿನ ಹಂಚು ಇದಕ್ಕೆ ಆಗದು, ಅದಕ್ಕೆ ಏಣು, ಕೊಕ್ಕೆ ಎಲ್ಲ ಉಂಟು. ನೆಲದ ಹಂಚು ಸಪಾಟು. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಮುಂದೆ ನೇತ್ರಾವತಿ, ಗುರುಪುರ ಹೊಳೆ ಬದಿಯ ಆವೆಮಣ್ಣು ಸುಟ್ಟು ಊರಿಗೆ ಊರೇ ಹಂಚು ಮಾಡಿತು. ಬೆಂಕಿಯಲ್ಲಿ ಬೆಂದು ಬಂದ ವಸ್ತು ಅದು. ಕುಕೀಸ್‌ನ ಬಿಸಿ ಅದಕ್ಕೆ ಲೆಕ್ಕವೇ ಅಲ್ಲ.

ಹಂಚು ಆರಿಸುವಾಗ ಎರಡು ವಿಷಯ ನೋಡಿದೆ. ಬಣ್ಣ, ಪಾಲಿಶ್, ಸಿಮೆಂಟ್ ಅಂಟಿದ್ದು ಬೇಡ. ಬಿರುಕು ಬಿಟ್ಟದ್ದು ಬೇಡ. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಹಂಚು ಟಣ್ ಅನ್ನುತ್ತದೆ, ಒಡಕಿನದು ದಬ್ ಅನ್ನುತ್ತದೆ. ಟಣ್ ಅಂದದ್ದನ್ನು ತೆಗೆದುಕೊಂಡೆ. 20 ಸೆಂಟಿಮೀಟರ್ ಚೌಕ, ತೂಕ ಒಂದು ಕಿಲೋ 350 ಗ್ರಾಂ. ಸೋಪು ಹಾಕಲಿಲ್ಲ, ಸುಟ್ಟ ಮಣ್ಣು ಸೋಪನ್ನು ಹೀರುತ್ತದೆ. ತೆಂಗಿನ ನಾರಿನಲ್ಲಿ ಬರೀ ನೀರು ಹಾಕಿ ತಿಕ್ಕಿ, ಎರಡು ದಿನ ಬಿಸಿಲಿಗಿಟ್ಟೆ. ಮೂರನೇ ದಿನ ಓವನ್‌ನಲ್ಲಿ 100 ಡಿಗ್ರಿಯಲ್ಲಿ ಒಂದು ಗಂಟೆ, ಆಮೇಲೆ 150ರಲ್ಲಿ ಅರ್ಧ ಗಂಟೆ. ಒಳಗೆ ಉಳಿದ ನೀರು ಒಮ್ಮೆಗೇ ಆವಿಯಾದರೆ ಹಂಚು ಸೀಳುತ್ತದೆ, ಅದಕ್ಕೆ ಈ ನಿಧಾನ. ಮೊದಲ ಅರ್ಧ ಗಂಟೆ ಅಡುಗೆಮನೆಯಲ್ಲಿ ಮೊದಲ ಮಳೆ ಬಿದ್ದಾಗಿನ ಮಣ್ಣಿನ ಪರಿಮಳ ಬಂತು. ಗಾಜಿನ ಒಳಬದಿಯಲ್ಲಿ ಹಬೆ ಕೂತಿತು. ಹಬೆ ಪೂರ್ತಿ ಹೋದ ಮೇಲೆ ಓವನ್ ಆರಿಸಿ, ಬಾಗಿಲು ತೆರೆಯದೆ ರಾತ್ರಿಯಿಡೀ ಬಿಟ್ಟೆ.

ಹಂಚನ್ನು ಸರಳಿನ ಮೇಲೆ ನೇರ ಇಡಬಾರದು. ಅತಿ ಕೆಳಗಿನ ಹಂತದಲ್ಲಿ ತಂತಿ ಜಾಲರಿ, ಅದರ ಮೇಲೆ ಹಂಚು. ನಾಲ್ಕೂ ಬದಿ ಬಿಸಿಗಾಳಿ ಓಡಾಡಲು ಜಾಗ ಬಿಡಬೇಕು. ಅದರ ಮೇಲಿನ ಹಂತದಲ್ಲಿ ಕುಕೀಸ್ ಟ್ರೇ. ಈಗ ಕೆಳಗಿನ ಸರಳಿನ ಕೆಂಪು ಬಿಸಿ ಸೀದಾ ಟ್ರೇಯ ತಳಕ್ಕೆ ಹೊಡೆಯುವುದಿಲ್ಲ. ಮೊದಲು ಹಂಚು ಕಾಯುತ್ತದೆ, ಹಂಚಿನಿಂದ ಮೆಲ್ಲಗೆ ಮೇಲೆ ಬರುತ್ತದೆ.

ಪುನಃ ಪುಸ್ತಕ ಹಿಡಿದು ಕೂತೆ. ಮುಳ್ಳು 170ರಿಂದ 188ರೊಳಗೆ ಓಡಾಡಿತು. ಮೊದಲು 48 ಡಿಗ್ರಿ ಏರಿಳಿತ ಇದ್ದದ್ದು ಈಗ 18 ಡಿಗ್ರಿ! ಆ ಅಂಕೆ ಬರೆದುಕೊಳ್ಳುವಾಗ ಆದ ಸಂತೋಷ ದೊಡ್ಡದು. ಬಾಗಿಲು ತೆರೆದು ಟ್ರೇ ಒಳಗಿಟ್ಟರೂ ಎರಡು ಮೂರು ನಿಮಿಷದಲ್ಲಿ ಪುನಃ ಏರುತ್ತದೆ. ಇದಕ್ಕೆ ಒಂದು ಬೆಲೆ ಉಂಟು: ಮೊದಲು ಹತ್ತು ನಿಮಿಷ ಕಾಯಿಸಿದರೆ ಸಾಕಿತ್ತು, ಈಗ 25 ನಿಮಿಷ ಬೇಕು. ಸರಳು ಪೂರ್ತಿ ಹೊತ್ತು ಉರಿದರೂ ಆ 25 ನಿಮಿಷಕ್ಕೆ 0.6 ಯೂನಿಟ್ ಕರೆಂಟ್. ಕರಟಿದ ಒಂದು ಟ್ರೇ ಬೆಣ್ಣೆಯ ಮುಂದೆ ಅದು ಏನೂ ಅಲ್ಲ.

ಇನ್ನೆರಡು ಸಣ್ಣ ಬದಲಾವಣೆ. ಓವನ್ ಜೊತೆ ಬಂದ ಕಪ್ಪು ಟ್ರೇಯನ್ನು ಕಪಾಟಿನಲ್ಲಿ ಎತ್ತಿಟ್ಟು ಬಿಳಿ ಅಲ್ಯುಮಿನಿಯಂ ಟ್ರೇ ತಂದೆ. ಕಪ್ಪು ಬಣ್ಣ ಬಿಸಿಯನ್ನು ಜಾಸ್ತಿ ಎಳೆದು ತಳ ಬೇಗ ಸುಡುತ್ತದೆ. ಮತ್ತೆ ಬಟರ್ ಪೇಪರ್. ಅಂಗಡಿಯಲ್ಲಿ ಆ ಹೆಸರಿನಲ್ಲಿ ಎರಡು ತರದ ಕಾಗದ ಕೊಡುತ್ತಾರೆ. ತಿಂಡಿ ಸುತ್ತುವ ತೆಳ್ಳನೆಯದು ಓವನ್‌ಗೆ ಆಗುವುದಿಲ್ಲ, ಅಂಟುತ್ತದೆ, ಹೊಗೆಯೂ ಬರುತ್ತದೆ. ಪೆಟ್ಟಿಗೆಯ ಮೇಲೆ ಬೇಕಿಂಗ್ ಪೇಪರ್ ಅಂತ ಇರುವುದನ್ನೇ ಕೇಳಿ.

ಟ್ರೇ 4. ಮೇ 18: ಒಂದು, ಎರಡು, ಮೂರು

ಬೆಣ್ಣೆ, ಓವನ್ ಹದಕ್ಕೆ ಬಂದ ಮೇಲೆ ಅಳತೆಗೆ ಕೈ ಹಾಕಿದೆ. ಬೇಕಿಂಗ್ ಮಾಡುವವರು ಬಾಯಿಪಾಠ ಇಟ್ಟುಕೊಂಡ ಒಂದು ಲೆಕ್ಕ ಉಂಟು. ತೂಕದಲ್ಲಿ ಸಕ್ಕರೆ ಒಂದು ಪಾಲು, ಬೆಣ್ಣೆ ಎರಡು, ಮೈದಾ ಮೂರು. 50, 100, 150 ಗ್ರಾಂ. ಇಷ್ಟರಲ್ಲೇ ಒಳ್ಳೆಯ ಬೆಣ್ಣೆ ಬಿಸ್ಕತ್ತು ಆಗುತ್ತದೆ. ಸೋಡಾ ಬೇಡ, ಹಾಲು ಬೇಡ. ಉಪ್ಪಿನ ಬೆಣ್ಣೆ ಆದರೆ ಬೇರೆ ಉಪ್ಪೂ ಬೇಡ. ಹೊಸದಾಗಿ ಶುರು ಮಾಡುವವರು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ಇದು ತಳಪಾಯ. ಮಿಕ್ಕಿದ್ದೆಲ್ಲ ಇದರ ಮೇಲೆ ಕಟ್ಟುವುದು.

ಹಿಟ್ಟನ್ನು ಎರಡು ಪಾಲು ಮಾಡಿ ಒಂದಕ್ಕೆ ಮಿಕ್ಸಿಯಲ್ಲಿ ಪುಡಿ ಮಾಡಿದ ಸಕ್ಕರೆ, ಇನ್ನೊಂದಕ್ಕೆ ಅಂಗಡಿಯ ದಪ್ಪ ಹರಳು ಸಕ್ಕರೆ ಹಾಕಿದೆ. ಒಂದೇ ಟ್ರೇ, ಎಡಕ್ಕೆ ಪುಡಿ, ಬಲಕ್ಕೆ ಹರಳು. ಪುಡಿಯದು ಆಕಾರ ಬಿಡಲಿಲ್ಲ. ಫೋರ್ಕಿನಿಂದ ಎಳೆದ ಗೆರೆ ಹಾಗೇ ಉಳಿಯಿತು. ಬಾಯಲ್ಲಿಟ್ಟರೆ ಮರಳಿನ ಹಾಗೆ ಉದುರಿತು. ಹರಳಿನದು ಸ್ವಲ್ಪ ಹರಡಿ, ಮೇಲೆ ಬಿರುಕು ಬಿಟ್ಟು, ಕಡಿದರೆ ಕರ್ ಅಂದಿತು. ನಮ್ಮ ಅಂಗಡಿ ಸಕ್ಕರೆಯ ಹರಳು ತೀರಾ ದಪ್ಪ, ಕೆಲವು ಕರಗದೆ ಹಲ್ಲಿಗೆ ಸಿಕ್ಕಿದವು. ಈಗ ನಾನು ಮಿಕ್ಸಿಯಲ್ಲಿ ಎರಡು ಸಲ ಮಾತ್ರ ಗುರ್ ಅನಿಸಿ ರವೆಯಷ್ಟು ಸಣ್ಣ ಮಾಡುತ್ತೇನೆ. ಪುಡಿಯೂ ಅಲ್ಲ, ಹರಳೂ ಅಲ್ಲ.

ಬೇಯಿಸುವ ಹೊತ್ತಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೆಚ್ಚಿನವರು ಎಡವುವುದು ಅಲ್ಲಿ. ಬಿಸಿ ಇರುವಾಗ ಯಾವ ಕುಕೀಸೂ ಗರಿಗರಿ ಇರುವುದಿಲ್ಲ. ಮೆತ್ತಗಿದೆ ಅಂತ ಇನ್ನೂ ಐದು ನಿಮಿಷ ಬಿಟ್ಟರೆ ಸುಟ್ಟಿತು ಅಂತಲೇ ಲೆಕ್ಕ. ಅಂಚು ಹೊಂಬಣ್ಣ, ನಡು ಇನ್ನೂ ಬಿಳಿ, ಇಷ್ಟಾದಾಗ ತೆಗೆಯಬೇಕು. ಟ್ರೇಯ ಬಿಸಿಗೆ ನಡು ತಾನಾಗಿ ಬೇಯುತ್ತದೆ. ಐದು ನಿಮಿಷ ಟ್ರೇಯಲ್ಲೇ ಬಿಟ್ಟು, ಆಮೇಲೆ ಚಪ್ಪಟೆ ಸಟ್ಟುಗದಿಂದ ಎತ್ತಿ ತಂತಿ ಜಾಲರಿಗೆ. ಆರಿದ ಮೇಲೆ ಕೊಬ್ಬು, ಸಕ್ಕರೆ ಗಟ್ಟಿಯಾಗಿ ಗರಿ ಬರುತ್ತದೆ.

ಟ್ರೇ 5. ಮೇ 25: ಬೆಲ್ಲ, ಗೇರುಬೀಜ

ಮಂಗಳೂರಿನಲ್ಲಿದ್ದುಕೊಂಡು ಗೇರುಬೀಜ ಹಾಕದೆ ಇರಲಾಗುತ್ತದಾ? ಮಾರ್ಕೆಟ್‌ನಿಂದ ತುಂಡು ಗೇರುಬೀಜ ತಂದೆ. ಕುಕೀಸ್‌ಗೆ ಇಡೀ ಬೀಜ ಬೇಡ, ತುಂಡಿನ ಬೆಲೆ ಕಡಿಮೆ, ರುಚಿ ಅದೇ. ಹಸಿ ಹಾಕಬೇಡಿ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ತಿಳಿ ಕಂದು ಬರುವವರೆಗೆ ಹುರಿದು, ಪೂರ್ತಿ ಆರಿಸಿ ಹಾಕಿ. ಬಿಸಿ ಬೀಜ ಹಾಕಿದರೆ ಅದರ ಸುತ್ತಲಿನ ಬೆಣ್ಣೆ ಕರಗುತ್ತದೆ, ಪುನಃ ಮೊದಲ ಟ್ರೇಯ ಕಥೆ.

ಸಕ್ಕರೆಯ ಅರ್ಧ ಪಾಲು ತೆಗೆದು ಬೆಲ್ಲದ ಪುಡಿ ಹಾಕಿದೆ. ಬೆಲ್ಲಕ್ಕೆ ಸ್ವಲ್ಪ ಹುಳಿ ಗುಣ ಉಂಟು, ಅದಕ್ಕೆ ಒಂದು ಚಿಟಿಕೆ ಸೋಡಾ ಜೋಡಿ. ಹುಳಿ ಸಿಕ್ಕರೆ ಸೋಡಾ ಚುರುಕಾಗಿ ಉಬ್ಬಿಸುತ್ತದೆ, ಬಣ್ಣವೂ ಬೇಗ ಬರುತ್ತದೆ. ಆದರೆ ಚಿಟಿಕೆ ಅಂದರೆ ಚಿಟಿಕೆ. ಜಾಸ್ತಿಯಾದರೆ ನಾಲಿಗೆಯಲ್ಲಿ ಸೋಪಿನ ರುಚಿ ನಿಲ್ಲುತ್ತದೆ. ಒಂದು ಏಲಕ್ಕಿ ಗುದ್ದಿ ಹಾಕಿದೆ. ಬೆಲ್ಲದ ಕುಕೀಸ್ ಸಕ್ಕರೆಯದಕ್ಕಿಂತ ಎರಡು ನಿಮಿಷ ಮೊದಲೇ ಕೆಂಪಾಯಿತು. ಹಾಗಾಗಿ ಬಿಸಿಯನ್ನು 165ಕ್ಕೆ ಇಳಿಸಿ ಹೊತ್ತು ಜಾಸ್ತಿ ಕೊಟ್ಟೆ. ಅತ್ತೆ ಎರಡು ತಿಂದು ಮೂರನೆಯದನ್ನು ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಮುರಿದರು. ಹಪ್ಪಳಕ್ಕೂ ಅವರ ಪರೀಕ್ಷೆ ಅದೇ. ಟಕ್ ಅನ್ನಬೇಕು. ಅಂದಿತು.

ಟ್ರೇ 6. ಜುಲೈ 20: ಆಟಿ, ಮಳೆ

ಜೂನ್ ಪೂರ್ತಿ ಬೇರೆ ಕೆಲಸದಲ್ಲಿ ಕಳೆಯಿತು. ಆಟಿ, ಅಂದರೆ ತುಳುವರ ಮಳೆಗಾಲದ ತಿಂಗಳು, ಬಂದಾಗ ಪುನಃ ಶುರು ಮಾಡಿದೆ. ಸೆಕೆ ಇಲ್ಲ, ಅಡುಗೆಮನೆ 27 ಡಿಗ್ರಿ. ಇನ್ನು ಸುಲಭ ಅಂತ ಅಂದುಕೊಂಡೆ. ಅದೇ ಬೆಲ್ಲ, ಗೇರುಬೀಜದ ಅಳತೆ. ಸಂಜೆ ನಾಲ್ಕಕ್ಕೆ ತೆಗೆದಾಗ ಟಕ್ ಅಂದ ಕುಕೀಸ್ ರಾತ್ರಿ ಒಂಬತ್ತಕ್ಕೆ ಮಡಚಿದರೆ ಬಾಗುತ್ತಿತ್ತು.

ಹೊರಗೆ ಬಿಡದೆ ಮಳೆ. ಬಟ್ಟೆ ಮೂರು ದಿನವಾದರೂ ಒಣಗದ ಕಾಲ. ಆ ತೇವ ಕುಕೀಸ್‌ಗೂ ಇಳಿಯುತ್ತದೆ ಅಂತ ಗೊತ್ತಿತ್ತು, ಎಷ್ಟು ಅಂತ ನೋಡಬೇಕು ಅನಿಸಿತು. ಉಳಿದ ಹದಿನಾಲ್ಕು ಕುಕೀಸನ್ನು ಪುನಃ ಓವನ್‌ಗೆ ಹಾಕಿ ಒಣಗಿಸಿ, ಆರಿಸಿ, ತಟ್ಟೆಯಲ್ಲಿಟ್ಟು ತೂಗಿದೆ. 231 ಗ್ರಾಂ. ಮುಚ್ಚದೆ ಕಟ್ಟೆಯ ಮೇಲೆ ಬಿಟ್ಟೆ. ಬೆಳಿಗ್ಗೆ ಆರಕ್ಕೆ 238 ಗ್ರಾಂ. ಒಂದು ರಾತ್ರಿಯಲ್ಲಿ ಏಳು ಗ್ರಾಂ ನೀರು, ಹೆಚ್ಚುಕಡಿಮೆ ಒಂದೂವರೆ ಚಮಚ, ಗಾಳಿಯಿಂದ ಬಂದು ಕೂತಿದೆ! ಸಕ್ಕರೆಗೂ ಹಿಟ್ಟಿಗೂ ತೇವ ಎಳೆಯುವ ಗುಣ ಉಂಟು. ಬೆಲ್ಲಕ್ಕಂತೂ ಕೇಳುವುದೇ ಬೇಡ, ಮಳೆಗಾಲದಲ್ಲಿ ಡಬ್ಬಿಯೊಳಗೇ ಬೆವರುತ್ತದೆ. ಮೈದಾ ಕೂಡ ಇದೇ ತೇವ ಕುಡಿದು ಕೂತಿರುತ್ತದೆ. ಅದಕ್ಕೇ ಅದೇ 150 ಗ್ರಾಂ ಹಾಕಿದರೂ ಹಿಟ್ಟು ಮೇ ತಿಂಗಳಿಗಿಂತ ಸಡಿಲ ಬಂದಿತ್ತು.

ಅದೇ ಟ್ರೇ ಬೇಯುವಾಗ ಇನ್ನೊಂದು ಘಟನೆ. ಆರನೇ ನಿಮಿಷಕ್ಕೆ ಕರೆಂಟ್ ಹೋಯಿತು. ನಾನು ಬಾಗಿಲು ತೆರೆಯಲಿಲ್ಲ. ಟಾರ್ಚ್ ಬಿಟ್ಟು ಗಾಜಿನಿಂದ ಥರ್ಮಾಮೀಟರ್ ನೋಡುತ್ತಾ ನಿಂತೆ. 176 ಇದ್ದದ್ದು ಹತ್ತು ನಿಮಿಷ ಕಳೆದ ಮೇಲೂ 150ರ ಹತ್ತಿರವೇ ಇತ್ತು. ಹಂಚು ತನ್ನೊಳಗಿನ ಬಿಸಿಯನ್ನು ಬಿಡುತ್ತಾ ಇತ್ತು. ಕರೆಂಟ್ ಬರುವಾಗ ಕುಕೀಸ್ ಬೆಂದೇ ಆಗಿತ್ತು. ಮಾವನ ಮನೆಯ ನೆಲದಲ್ಲಿ ಅಷ್ಟು ವರ್ಷ ಮಲಗಿದ್ದ ಹಂಚು ಅದು. ಆರಿದ ಮೇಲೆ ಅದನ್ನು ಒರೆಸಿ, ಒಂದು ಬಟ್ಟೆಯಲ್ಲಿ ಸುತ್ತಿಟ್ಟೆ.

ಟ್ರೇ 7. ಜುಲೈ 27

ಈಗ ಮಳೆಗಾಲದ ಹದ ಹೀಗೆ ಮಾಡಿಕೊಂಡಿದ್ದೇನೆ. ಮೈದಾ 160 ಗ್ರಾಂ, ಹತ್ತು ಗ್ರಾಂ ಜಾಸ್ತಿ. ಸಕ್ಕರೆ 45, ಬೆಲ್ಲದ ಪುಡಿ 15 ಮಾತ್ರ. ಬೆಲ್ಲ ಕಡಿಮೆ ಆದಷ್ಟು ಗರಿ ಜಾಸ್ತಿ ದಿನ ಉಳಿಯುತ್ತದೆ. ಬೆಣ್ಣೆ 100, ಹುರಿದ ಗೇರುಬೀಜ 40, ಚಿಟಿಕೆ ಸೋಡಾ, ಏಲಕ್ಕಿ. ಹಾಲು ಇಲ್ಲವೇ ಇಲ್ಲ. ಉಂಡೆಯನ್ನು ಸ್ವಲ್ಪ ತೆಳ್ಳಗೆ ಒತ್ತುತ್ತೇನೆ, ಅರ್ಧ ಬೆರಳಿನಷ್ಟು ದಪ್ಪ. ಫ್ರಿಜ್‌ನಲ್ಲಿ 45 ನಿಮಿಷ. 180ರಲ್ಲಿ ಹನ್ನೆರಡು ನಿಮಿಷದ ಬದಲು 160ರಲ್ಲಿ ಹದಿನೆಂಟು ನಿಮಿಷ. ಕೆಂಪಾಗುವ ಮೊದಲು ಒಳಗಿನ ನೀರು ಹೋಗಲು ಅವಕಾಶ ಕೊಡಬೇಕು. ಬೇಸಿಗೆಯಲ್ಲಿ ಇಷ್ಟು ಬೇಕಾಗಿಲ್ಲ.

ಎತ್ತಿಡುವುದೇ ಅರ್ಧ ಕೆಲಸ. ಬಿಸಿ ಇರುವಾಗಲೇ ಡಬ್ಬಿಗೆ ಹಾಕಿದರೆ ಮುಚ್ಚಳದಲ್ಲಿ ಹಬೆ ಕೂತು ನೀರು ಇಳಿಯುತ್ತದೆ. ಪೂರ್ತಿ ಆರಲಿ ಅಂತ ಗಂಟೆಗಟ್ಟಲೆ ಬಿಟ್ಟರೆ ಗಾಳಿಯ ತೇವ ಇಳಿಯುತ್ತದೆ. ಜಾಲರಿಯ ಮೇಲೆ ಅರ್ಧ ಗಂಟೆ, ಕೈಗೆ ಬಿಸಿ ತಾಗುವುದು ನಿಂತ ಕೂಡಲೇ ಡಬ್ಬಿಗೆ. ನಮ್ಮಲ್ಲಿ ಹಪ್ಪಳದ ಡಬ್ಬಿಗೆ ಪತ್ರಿಕೆ ಹಾಸುವ ರೂಢಿ ಉಂಟು. ಕುಕೀಸ್‌ಗೆ ಅದು ಬೇಡ, ಬೆಣ್ಣೆಗೆ ಪತ್ರಿಕೆಯ ಶಾಯಿ ಬಿಡುತ್ತದೆ. ಬೇಕಿಂಗ್ ಪೇಪರ್ ಹಾಸಿ.

ಡಬ್ಬಿಯ ತಳಕ್ಕೆ ಅತ್ತೆ ಹೇಳಿದ ಉಪಾಯ. 50 ಗ್ರಾಂ ಬೆಳ್ತಿಗೆ (ಕುಚ್ಚಲಲ್ಲದ ಬಿಳಿ) ಅಕ್ಕಿಯನ್ನು ಕೆಂಪಗೆ ಹುರಿದು, ಆರಿದ ಕೂಡಲೇ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಇಡುವುದು. ಅವರ ತಾಯಿ ಉಪ್ಪಿನ ಮರಿಗೆಯ ಹತ್ತಿರ ಹೀಗೆ ಇಡುತ್ತಿದ್ದರಂತೆ. ಸುಮ್ನೆ ನಂಬಿಕೆಯಾ, ಕೆಲಸ ಮಾಡುತ್ತದಾ ಅಂತ ನಾಲ್ಕನೇ ದಿನ ಆ ಅಕ್ಕಿಯನ್ನು ತೂಗಿದೆ. 52 ಗ್ರಾಂ. ಆ ಎರಡು ಗ್ರಾಂ ಕುಕೀಸ್‌ಗೆ ಹೋಗಲಿಲ್ಲ, ಅಲ್ವಾ? ಅಕ್ಕಿಯನ್ನು ಪುನಃ ಬಿಸಿ ಮಾಡಿ ಒಣಗಿಸಿದರೆ ಇನ್ನೊಂದು ವಾರಕ್ಕೆ ತಯಾರು. ಡಬ್ಬಿ ದೊಡ್ಡದು ಒಂದಕ್ಕಿಂತ ಚಿಕ್ಕದು ಎರಡು ಒಳ್ಳೆಯದು. ಮಕ್ಕಳು ಒಂದನ್ನು ತೆರೆದು ಮುಚ್ಚುತ್ತಿದ್ದರೂ ಇನ್ನೊಂದು ಹಾಗೇ ಇರುತ್ತದೆ. ಎಲ್ಲ ಮಾಡಿಯೂ ಮೆತ್ತಗಾದರೆ 140 ಡಿಗ್ರಿಯಲ್ಲಿ ಆರು ನಿಮಿಷ ಇಟ್ಟು ಆರಿಸಿ, ಗರಿ ವಾಪಸ್ ಬರುತ್ತದೆ. ಕರಟದ ಕುಕೀಸನ್ನು ಎಸೆಯುವ ಅಗತ್ಯವೇ ಇಲ್ಲ.

ಇದನ್ನು ಬರೆಯುವುದು ಜುಲೈ 31ರ ಸಂಜೆ. ಹೊರಗೆ ಜಡಿಮಳೆ. ಎರಡನೇ ಡಬ್ಬಿಯಲ್ಲಿ ಒಂಬತ್ತು ಉಳಿದಿವೆ. ಈಗಷ್ಟೇ ಒಂದನ್ನು ತೆಗೆದು ಅತ್ತೆಯ ಕೈಗೆ ಕೊಟ್ಟೆ. ಅವರು ಕಿವಿಯ ಹತ್ತಿರ ಹಿಡಿದು ಮುರಿದರು. ಮಳೆಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಅವರು ತಲೆ ಆಡಿಸಿ ಅರ್ಧವನ್ನು ನನಗೆ ಕೊಟ್ಟರು.